ಮುದುವೊಳಲಿನಿಂದ ಬೆಳ್ಗೊಳಕ್ಕೆ: ರನ್ನನ ಪಯಣ ಮತ್ತು ಕವಿಯ ಗುರುತು

ಶ್ರವಣಬೆಳ್ಗೊಳದ ಶಾಸನಗಳನ್ನು ಅಭ್ಯಸಿಸುವವರ ಗಮನ ಸಹಜವಾಗಿಯೇ ದೀರ್ಘ ಪ್ರಶಸ್ತಿಗಳ ಕಡೆಗೆ ಹರಿಯುತ್ತದೆ. ಆದರೆ ಅಲ್ಲಿಯ ಐನೂರಕ್ಕೂ ಮಿಕ್ಕ ಶಾಸನಗಳಲ್ಲಿ ಒಂದೆರಡು ಪದಗಳಲ್ಲಿಯೇ ಮುಗಿಯುವ, ಯಾತ್ರಿಕರ ಹೆಸರನ್ನಷ್ಟೇ ಹೊತ್ತ ಬರೆಹಗಳೂ ಅನೇಕವಿವೆ. ದಾನವಿಲ್ಲ, ವಂಶಾವಳಿಯಿಲ್ಲ, 'ಇಂಥವನು ಇಲ್ಲಿಗೆ ಬಂದನು' ಎಂಬುದೊಂದೇ ಅವುಗಳ ಅಭಿಪ್ರಾಯ. ಪಯಣವು ಮನುಷ್ಯನಿಗೆ ಏನನ್ನು ಕೊಡುತ್ತದೆಂಬ ಪ್ರಶ್ನೆಗೆ ಈ ಕಿರುಬರೆಹಗಳು ಮುಖ್ಯವಾದ ಆಧಾರಗಳಾಗಿವೆ.

ಈ ಬೆಟ್ಟದ ಚರಿತ್ರೆಯೇ ಪಯಣದಿಂದ ಆರಂಭವಾಗುತ್ತದೆ. ಕ್ರಿ.ಶ. ಸುಮಾರು 600ರ ಶಾಸನವೊಂದು, ಭದ್ರಬಾಹು ನುಡಿದ ಹನ್ನೆರಡು ವರ್ಷಗಳ ಕ್ಷಾಮದ ಕಾರಣದಿಂದ ಉತ್ತರಾಪಥವನ್ನು ಬಿಟ್ಟು ದಕ್ಷಿಣಕ್ಕೆ ನಡೆದ ಸಂಘವನ್ನು ಸ್ಮರಿಸುತ್ತದೆ. ಮುನಿಗಳಿಗೆ ವಿಹಾರವು ವ್ರತದ ಅಂಗ. ಚಾತುರ್ಮಾಸದ ಹೊರತಾಗಿ ಒಂದೆಡೆ ನೆಲೆನಿಲ್ಲದಿರುವುದು ಸ್ಥಳದ ಮೇಲಿನ ಮೋಹವನ್ನು ಕಳೆಯುವ ಸಾಧನ. ಅಂದರೆ ಮುನಿಯು ನಡೆಯುವುದು 'ನಾನು, ನನ್ನದು' ಎಂಬುದನ್ನು ಕಳಚಿಕೊಳ್ಳುವುದಕ್ಕಾಗಿ. ಅದೇ ಬೆಟ್ಟಕ್ಕೆ ಬಂದ ಶ್ರಾವಕನಾದರೋ ತನ್ನ ಹೆಸರನ್ನು ಕಲ್ಲಿನಲ್ಲಿ ಉಳಿಸಿಹೋಗುತ್ತಾನೆ. ಈ ವಿರೋಧಕ್ಕೆ ಅರ್ಥವೇನು?

ಉತ್ತರವನ್ನು ರನ್ನನ ಬಾಳಿನಲ್ಲಿ ಕಾಣಬಹುದು. ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಕುಲದಲ್ಲಿ ಹುಟ್ಟಿದ ಆತನು ಸುಮಾರು 400 ಕಿಲೋಮೀಟರ್ ದೂರದ ಬೆಳ್ಗೊಳದ ಸೀಮೆಗೆ ಬಂದನು. ಅಜಿತಸೇನಾಚಾರ್ಯರು ಅವನಿಗೆ ಗುರುಗಳಾದರು. ಗಂಗರ ಮಂತ್ರಿ ಚಾವುಂಡರಾಯನು ಆಶ್ರಯದಾತನಾದನು. ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಬರೆಹವಿದೆ. ಅದನ್ನು ವಿದ್ವಾಂಸರು ರನ್ನನದೆಂದು ಗುರುತಿಸಿದ್ದಾರೆ. ಚಾವುಂಡರಾಯನ ಹೆಸರನ್ನು ಹೊತ್ತ ಬರೆಹವೂ ಅದೇ ಬೆಟ್ಟದಲ್ಲಿದೆ.

ಇಲ್ಲಿ ಗಮನಿಸಬೇಕಾದುದು, ಬಂಡೆಯ ಮೇಲೆ ಉಳಿದುದು ತಂದೆತಾಯಿಗಳು ಇಟ್ಟ ಹೆಸರಲ್ಲ, ಬಿರುದು. ಹುಟ್ಟೂರಿನಲ್ಲಿ ಅವನು ಬಳೆಗಾರರ ಮಗ. ಪಯಣದ ಕೊನೆಯಲ್ಲಿ ಕವಿರತ್ನ. ಕುಲವೃತ್ತಿಯು ಮುಂಚಿತವಾಗಿಯೇ ನಿರ್ಣಯಿಸಿದ್ದ ಗುರುತಿನ ಜೊತೆಗೆ, ವಿದ್ಯೆಯಿಂದ ಸಂಪಾದಿಸಿದ ಇನ್ನೊಂದು ಗುರುತನ್ನು ದಾರಿಯು ಅವನಿಗೆ ಒದಗಿಸಿತು.

ಹಾಗೆಂದು ಅವನು ಮೊದಲಿನದನ್ನು ತೊರೆಯಲಿಲ್ಲ. ಚಾಳುಕ್ಯ ತೈಲಪನಿಂದ ಕವಿಚಕ್ರವರ್ತಿಯೆನಿಸಿದ ಬಳಿಕ, 993ರಲ್ಲಿ ಅತ್ತಿಮಬ್ಬೆಯ ಪ್ರೇರಣೆಯಿಂದ ರಚಿಸಿದ 'ಅಜಿತಪುರಾಣ'ದಲ್ಲಿ ತನ್ನ ಊರನ್ನೂ ಬಳೆಗಾರ ಕುಲವನ್ನೂ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆಯರನ್ನೂ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಊರಿನಲ್ಲಿಯೇ ಉಳಿದವನಿಗೆ ಕುಲವು ಬರಿಯ ಸ್ಥಿತಿ. ದೂರ ಹೋಗಿ ಹಿಂದಿರುಗಿ ನೋಡಿದವನಿಗೆ ಅದು ಹೇಳಿಕೊಳ್ಳಬೇಕಾದ ಕಥೆ. ಪಯಣದಿಂದ ದೊರೆಯುವ ಮನಸ್ಸಿನ ಸ್ವಾಸ್ಥ್ಯವೆಂದರೆ ಬಹುಶಃ ಇದೇ: ಹುಟ್ಟಿಗೆ ನಾಚದೆ, ಹುಟ್ಟಿಗೇ ಕಟ್ಟುಬೀಳದೆ ಬಾಳುವ ನೆಮ್ಮದಿ.

ರನ್ನನು ತನ್ನ ಮಕ್ಕಳಿಗೆ ರಾಯ, ಅತ್ತಿಮಬ್ಬೆ ಎಂದು ಹೆಸರಿಟ್ಟನು. ದಾರಿಯಲ್ಲಿ ದೊರೆತವರು ಹೀಗೆ ಮನೆಯವರಾದರು. ಮುನಿಯು ನಡೆದು ತನ್ನನ್ನು ಹಗುರಮಾಡಿಕೊಂಡರೆ, ಕವಿಯು ನಡೆದು ತನ್ನೊಳಗೆ ಇತರರಿಗೆ ಎಡೆಮಾಡಿಕೊಟ್ಟನು. 'ನಾನು' ಎಂಬುದರ ಬಿಗಿ ಸಡಿಲಗೊಳ್ಳುವುದು ಇಬ್ಬರ ದಾರಿಯಲ್ಲಿಯೂ ಸಮಾನವಾದ ಫಲ.