ಕಡತದಿಂದ ಕೀಲಿಮಣೆಗೆ

ನಮ್ಮ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಗಳ ಅಟ್ಟ ಹತ್ತಿದರೆ ತಾಳೆಗರಿಗಳು, ಜಾತಕಗಳು, ಲೆಕ್ಕದ ಕಡತಗಳು ಕಾಣಸಿಗುವುದುಂಟು. ಎಷ್ಟು ಅಡಿಕೆ ಮಾರಿದರು, ಎಷ್ಟು ತೀರುವೆ ಕಟ್ಟಿದರು ಎಂಬುದೆಲ್ಲ ಅವುಗಳಲ್ಲಿ ಇರುತ್ತದೆ. ಬರೆದವನ ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ಇರುವುದಿಲ್ಲ. ತನ್ನ ಬಾಳನ್ನು ತಾನೇ ಬರೆದಿಡುವುದು ದೊಡ್ಡವರ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿತ್ತು. ಶಿವರಾಮ ಕಾರಂತರು 1948ರಲ್ಲಿ ಆತ್ಮಕಥೆ ಪ್ರಕಟಿಸಿದರು. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' 1980ರಲ್ಲಿ ಹೊರಬಂತು. ಆದರೆ ತೋಟಿಗನೊಬ್ಬನೋ ಶಾಲಾ ಮಾಸ್ತರನೋ ಬರೆದರೆ ಅಚ್ಚು ಹಾಕಿಸುವವರು ಯಾರು?

ಈ ಮೌನದಿಂದ ನಮಗಾದ ನಷ್ಟ ಸಣ್ಣದಲ್ಲ. 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ, 1930ರ ದಶಕದ ಆರಂಭದಲ್ಲಿ ಕರನಿರಾಕರಣೆಯ ಚಳವಳಿ ನಡೆಯಿತು. ಸಿದ್ದಾಪುರ, ಅಂಕೋಲಾ ತಾಲೂಕುಗಳು ಅದರ ಮುಂಚೂಣಿಯಲ್ಲಿದ್ದವು. ತೀರುವೆ ಕೊಡಲೊಪ್ಪದವರ ಜಮೀನು ಜಪ್ತಿಯಾಯಿತು, ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕುಳಿತರು. ಸರಕಾರದ ಕಾಗದಗಳಲ್ಲಿ ಜಮೀನಿನ ವಿವರ ಸಿಗಬಹುದು. ಆ ತಾಯಂದಿರು ಮನೆಯ ಮಕ್ಕಳನ್ನು ಯಾರ ಕೈಗೊಪ್ಪಿಸಿ ಬಂದರು, ಹಸಿದ ರಾತ್ರಿಗಳಲ್ಲಿ ಏನು ಮಾತನಾಡಿಕೊಂಡರು? ಇದನ್ನು ಅವರೇ ಹೇಳಬೇಕಿತ್ತು. ಆ ತಲೆಮಾರು ಈಗ ನಮ್ಮೊಡನಿಲ್ಲ.

ಸಾಮಾನ್ಯರ ಕೈಗೆ ಬರೆಹದ ಸಾಧನ ಬಂದದ್ದು ಗಣಕಯಂತ್ರದಿಂದ. ಹಾದಿ ಸುಗಮವಾಗಿರಲಿಲ್ಲ. ಒಂದೊಂದು ತಂತ್ರಾಂಶವೂ ಕನ್ನಡ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿದ್ದರಿಂದ, ಒಂದು ಯಂತ್ರದಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ದೊರೆತರೂ ಅದು ಮನೆಮನೆಗೆ ತಲುಪಲು ಹತ್ತಾರು ವರ್ಷ ಬೇಕಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು.

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಮಾಸ್ತರಿಕೆ ಮಾಡಿದವರು ಮೆಚ್ಚದೆ ಇರಲಾರರು. ಅದು ನಾವು ಕರಿಹಲಗೆಯ ಮೇಲೆ ಬರೆಸುತ್ತಿದ್ದ ಕಾಗುಣಿತವೇ. 'ಕ' ಒತ್ತಿ 'ಇ' ಒತ್ತಿದರೆ 'ಕಿ'. ಮಹಾಪ್ರಾಣಕ್ಕೆ ಶಿಫ್ಟ್ ಕೀಲಿ, ಒತ್ತಕ್ಷರಕ್ಕೆ ನಡುವೆ 'ಎಫ್' ಕೀಲಿ. ಇಂಗ್ಲಿಷ್ ಟೈಪಿಂಗ್ ಕಲಿಯದ ಎಪ್ಪತ್ತರ ಬೆರಳುಗಳಿಗೂ ಇದು ಒಗ್ಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಬ್ಲಾಗರ್ ಎಂಬ ಉಚಿತ ತಾಣ 1999ರಲ್ಲಿ ಆರಂಭವಾಗಿತ್ತು. ಅಕ್ಷರವೂ ಜಾಗವೂ ಕೈಗೆ ಸಿಕ್ಕ ಮೇಲೆ, ಸಂಪಾದಕರ ಒಪ್ಪಿಗೆಗೆ ಕಾಯದೆ ಬರೆಯುವ ಹಿರಿಯರ ಸಾಲು ನಿಧಾನವಾಗಿ ಬೆಳೆಯಿತು.

ಹಿರಿಯರಿಗೆ ಮಾಡಲು ಕೆಲಸವಿಲ್ಲ, ಅದಕ್ಕೇ ಬರೆಯುತ್ತಾರೆ ಎಂದು ನಗುವವರುಂಟು. ಇರಲಿ. 1983ರ ಸೆಪ್ಟೆಂಬರಿನಲ್ಲಿ ಸಿರ್ಸಿ ತಾಲೂಕಿನ ಸಲ್ಕಣಿಯ ಬಳಿ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತವರಲ್ಲಿ ಅಂದು ಇಪ್ಪತ್ತೈದರ ಪ್ರಾಯದವರಿದ್ದರೆ ಅವರಿಗೀಗ ಅರವತ್ತೈದು ದಾಟಿದೆ. ಅಪ್ಪಿಕೋ ಚಳವಳಿಯ ಕುರಿತು ಹೊರಗಿನವರು ಬರೆದಿದ್ದಾರೆ. ಕೊಡಲಿಯೆದುರು ನಿಂತಾಗ ಕಾಲು ನಡುಗಿತೋ ಇಲ್ಲವೋ ಎಂಬುದನ್ನು ನಿಂತವರೇ ಬರೆಯಬೇಕು. ಕರನಿರಾಕರಣೆಯ ತಾಯಂದಿರ ವಿಷಯದಲ್ಲಿ ಆದದ್ದು ಇವರ ವಿಷಯದಲ್ಲೂ ಆಗಬಾರದು.

ಆದರೆ ಒಂದು ಎಚ್ಚರ ಅಗತ್ಯ. ತಾಳೆಗರಿ ಒಲೆಯ ಹೊಗೆಯಲ್ಲಿ ನೂರಾರು ವರ್ಷ ಬಾಳಿತು. ಗಣಕದ ಪುಟಕ್ಕೆ ಆ ಆಯುಸ್ಸಿನ ಭರವಸೆಯಿಲ್ಲ. ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸ್ ತಾಣವನ್ನು ಯಾಹೂ ಕಂಪನಿ 2009ರಲ್ಲಿ ಮುಚ್ಚಿತು. ಗೂಗಲ್‌ನ ಆರ್ಕುಟ್ 2014ರಲ್ಲಿ ನಿಂತಿತು. ಬರೆದವರು ತೀರಿಕೊಂಡರೆ ಅವರ ಗುಪ್ತಪದವೂ ಅವರೊಡನೆ ಹೋಗುತ್ತದೆ. ಆದ್ದರಿಂದ ಬರೆದದ್ದನ್ನು ವರ್ಷಕ್ಕೊಮ್ಮೆಯಾದರೂ ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಊರಿನ ವಾಚನಾಲಯದಲ್ಲಿ ಇಡುವುದು ಲೇಸು. ಗುಪ್ತಪದವನ್ನು ಮಗಳಿಗೋ ಮೊಮ್ಮಗನಿಗೋ ಬರೆದುಕೊಡಿ.

ಕೀಲಿಮಣೆ ಕಲಿಯಲು ಮನಸ್ಸಿಲ್ಲದವರು ಬಾಯಲ್ಲಿ ಹೇಳಲಿ, ಮನೆಯ ಮಕ್ಕಳು ಬರೆದುಕೊಳ್ಳಲಿ. ಭಾಷೆ ಚೆಂದವಾಗಿರಬೇಕೆಂದಿಲ್ಲ, ಊರಿನ ಹೆಸರು, ಇಸವಿ, ಕಂಡದ್ದು, ಕೇಳಿದ್ದು ಸರಿಯಾಗಿದ್ದರೆ ಸಾಕು. ನಾಳಿನ ಇತಿಹಾಸಕಾರನಿಗೆ ಬೇಕಾದದ್ದು ಅದೇ.