ಉದರ ಮಹಾಪಧಮನಿಯ ಉಬ್ಬು: ಐದೂವರೆ ಸೆಂಟಿಮೀಟರಿನ ಗಡಿ

ಹೊಟ್ಟೆಯೊಳಗಿನ ಮಹಾಪಧಮನಿಯ ಸಹಜ ವ್ಯಾಸ ಸುಮಾರು 2 ಸೆಂ.ಮೀ. ಅದು 3 ಸೆಂ.ಮೀ. ಮುಟ್ಟಿದರೆ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ಗೋಡೆಯ ಎಲಾಸ್ಟಿನ್ ನಾರುಗಳು ಸವೆದು ನಾಳ ಹಿಗ್ಗುತ್ತದೆ. ಹಿಗ್ಗಿದಷ್ಟೂ, ರಕ್ತದೊತ್ತಡ ಮೊದಲಿನಷ್ಟೇ ಇದ್ದರೂ, ಗೋಡೆಯ ಮೇಲಿನ ಎಳೆತ ಏರುತ್ತ ಹೋಗುತ್ತದೆ. ಸಾಮಾನ್ಯವಾಗಿ ಒಡೆಯುವವರೆಗೂ ರೋಗಿಗೆ ಇದರ ಸುಳಿವೇ ಇರುವುದಿಲ್ಲ. ಒಡೆದ ಮೇಲೆ ಬದುಕುವವರು ಕಡಿಮೆ. ಅನೇಕರು ಆಸ್ಪತ್ರೆಯನ್ನೂ ತಲುಪುವುದಿಲ್ಲ.

ಹಾಗಿದ್ದರೂ ಕಂಡ ಕೂಡಲೇ ಶಸ್ತ್ರಚಿಕಿತ್ಸೆ ಮಾಡುವುದು ಸರಿಯಲ್ಲ. 4ರಿಂದ 5.5 ಸೆಂ.ಮೀ.ವರೆಗಿನ ಉಬ್ಬುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 1998ರಲ್ಲಿ, ಅಮೆರಿಕದ್ದು 2002ರಲ್ಲಿ ಪ್ರಕಟವಾದವು. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸ್ಕ್ಯಾನಿನ ಮೂಲಕ ನಿಗಾದಲ್ಲಿದ್ದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. 5.5ರ ಗಡಿಗೆ ಆಧಾರ ಇದೇ. ಆದರೆ ಅಮೆರಿಕದ ಪ್ರಯೋಗದಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಹೆಂಗಸರಲ್ಲಿ ಉಬ್ಬು ಇನ್ನೂ ಚಿಕ್ಕದಿದ್ದಾಗಲೇ ಒಡೆಯುವುದುಂಟು. ಅವರಿಗೆ 5 ಸೆಂ.ಮೀ.ಗೇ ಚಿಕಿತ್ಸೆಯನ್ನು ಪರಿಗಣಿಸುವ ರೂಢಿ ಬಂದಿದೆ. ಈ ರೂಢಿಯ ಹಿಂದಿರುವ ಪುರಾವೆ ತೆಳುವಾದದ್ದು ಎಂಬುದು ನನ್ನ ಮುಖ್ಯ ಆಕ್ಷೇಪ.

ಶಸ್ತ್ರಚಿಕಿತ್ಸೆಯ ವಿಧಾನವೂ ಬದಲಾಗುತ್ತ ಬಂದಿದೆ. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಆಲ್ಬರ್ಟ್ ಐನ್‌ಸ್ಟೈನರ ಉಬ್ಬಿಗೆ ಸೆಲೋಫೇನ್ ಹಾಳೆ ಸುತ್ತಿದ್ದರು. ಸುತ್ತಲೂ ಗಾಯದ ಅಂಗಾಂಶ ಬೆಳೆದು ಗೋಡೆ ಗಟ್ಟಿಯಾಗಲೆಂಬುದು ಉದ್ದೇಶ. 1955ರಲ್ಲಿ ಅದು ಒಡೆದಾಗ ಐನ್‌ಸ್ಟೈನ್ ಮತ್ತೆ ಶಸ್ತ್ರಚಿಕಿತ್ಸೆ ಬೇಡವೆಂದರು. ಅಷ್ಟರಲ್ಲಾಗಲೇ, 1951ರಲ್ಲಿ, ಪ್ಯಾರಿಸ್ಸಿನ ಶಾರ್ಲ್ ದ್ಯುಬೊ ಉಬ್ಬಿದ ಭಾಗ ತೆಗೆದು ದಾನಿಯ ನಾಳವನ್ನು ಜೋಡಿಸಿದ್ದರು. ಇಂದಿನ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಮೂತ್ರಪಿಂಡದ ನಾಳಗಳ ಕೆಳಗೆ ಕ್ಲ್ಯಾಂಪ್ ಹಾಕಿ, ಉಬ್ಬನ್ನು ಸೀಳಿ, ಪದರಪದರವಾಗಿ ಕಟ್ಟಿದ ಹೆಪ್ಪನ್ನು ತೆಗೆಯುತ್ತಾರೆ. ಬೆನ್ನುಮೂಳೆಯ ಕಡೆಯಿಂದ ರಕ್ತ ಜಿನುಗುವ ಸಣ್ಣ ಬಾಯಿಗಳನ್ನು ಒಳಗಿನಿಂದಲೇ ಹೊಲಿದು, ಪಾಲಿಯೆಸ್ಟರ್ ಕೊಳವೆ ಕೂರಿಸಿ, ಹಳೆಯ ಗೋಡೆಯನ್ನೇ ಅದರ ಮೇಲೆ ಮುಚ್ಚುತ್ತಾರೆ.

ತೊಡೆಸಂದಿನ ನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ (ಲೋಹದ ಜಾಲರಿಯ ಆಧಾರವಿರುವ ಕೊಳವೆ) ಏರಿಸುವ ವಿಧಾನವನ್ನು ಹೊಟ್ಟೆಯ ಉಬ್ಬಿಗೆ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬಳಸಿದವರು ಹುವಾನ್ ಪರೋದಿ. ಎರಡೂ ವಿಧಾನಗಳನ್ನು ಹೋಲಿಸಿದ ಬ್ರಿಟನ್ನಿನ ಇವಾರ್-1 ಪ್ರಯೋಗದಲ್ಲಿ 30 ದಿನಗಳೊಳಗಿನ ಸಾವು ಸ್ಟೆಂಟ್ ವಿಧಾನದಲ್ಲಿ ಶೇ. 1.7, ತೆರೆದ ವಿಧಾನದಲ್ಲಿ ಶೇ. 4.7. ವರ್ಷಗಳು ಕಳೆದಂತೆ ಈ ಲಾಭ ಕರಗಿತು: ಗ್ರಾಫ್ಟಿನ ಅಂಚಿನಿಂದಲೋ ಪಕ್ಕದ ನಾಳಗಳಿಂದಲೋ ಉಬ್ಬಿನೊಳಗೆ ಮತ್ತೆ ರಕ್ತ ಸೋರಬಹುದು. ಆದ್ದರಿಂದ ಸ್ಟೆಂಟ್ ಹಾಕಿಸಿಕೊಂಡವರು ಸ್ಕ್ಯಾನ್ ತಪ್ಪಿಸುವಂತಿಲ್ಲ. ಪದೇಪದೇ ಬರಲಾಗದವರಿಗೆ, ದೇಹ ತಡೆಯುವುದಾದರೆ, ತೆರೆದ ಶಸ್ತ್ರಚಿಕಿತ್ಸೆಯೇ ಮೇಲೆಂದು ನನ್ನ ಅಭಿಪ್ರಾಯ.

ಧೂಮಪಾನ ಈ ಉಬ್ಬಿನ ಅತಿ ದೊಡ್ಡ ಅಪಾಯಕಾರಿ ಅಂಶ. ಇಂಗ್ಲೆಂಡಿನಲ್ಲಿ 65ರ ಗಂಡಸರನ್ನು ಒಂದು ಅಲ್ಟ್ರಾಸೌಂಡಿಗೆ ಕರೆಯುತ್ತಾರೆ. ನಮ್ಮಲ್ಲಿ ಬೀಡಿ, ಸಿಗರೇಟು ಸೇದುವ ವಯಸ್ಸಾದವರು ಕಲ್ಲಿಗೋ ಪ್ರಾಸ್ಟೇಟಿಗೋ ಹೊಟ್ಟೆಯ ಸ್ಕ್ಯಾನಿಗೆ ಬಂದಾಗ, ಮಹಾಪಧಮನಿಯ ವ್ಯಾಸವನ್ನೂ ಅಳೆದು ವರದಿಯಲ್ಲಿ ಕಡ್ಡಾಯವಾಗಿ ನಮೂದಿಸಬೇಕು.