ಸ್ವಿಚ್ ಯಾರ ಕೈಲಿತ್ತು?

ಹಳೆಯ ರೇಡಿಯೋ ಕಛೇರಿಗಳ ರೆಕಾರ್ಡಿಂಗ್ ಕೇಳಿ 'ವಾದ್ಯವೃಂದ ಒಣಗಲು' ಅಂತ ತೀರ್ಪು ಕೊಡೋದು ಸುಲಭ. ಅಮೆರಿಕದ ಎನ್‌ಬಿಸಿ ರೇಡಿಯೋ 1937ರಲ್ಲಿ ಆರ್ತುರೋ ತೊಸ್ಕನಿನಿಗಾಗಿಯೇ ಒಂದು ಸಿಂಫನಿ ವಾದ್ಯವೃಂದ ಕಟ್ಟಿತು. ಅದು ಬಹುಕಾಲ ನುಡಿಸಿದ್ದು ನ್ಯೂಯಾರ್ಕಿನ ಸ್ಟುಡಿಯೋ 8-ಎಚ್‌ನಲ್ಲಿ. ಪ್ರಸಾರಕ್ಕೆಂದೇ ಇದ್ದ ಆ ಕೋಣೆಯಲ್ಲಿ ಅನುರಣನ ತೀರಾ ಕಡಿಮೆ. ಪಿಟೀಲಿನ ನಾದ ಅರಳುವ ಮೊದಲೇ ಸತ್ತುಹೋಗುತ್ತೆ. ಆ ಬಿಗಿತದಲ್ಲಿ ತೊಸ್ಕನಿನಿಯದೆಷ್ಟು, ಗೋಡೆಯದೆಷ್ಟು?

ಇನ್ನೂ ದೊಡ್ಡ ಪಾಠ 1954ರ ಏಪ್ರಿಲ್ 4ರದು. ಕಾರ್ನೆಗಿ ಹಾಲ್‌ನಲ್ಲಿ ಆ ವಾದ್ಯವೃಂದದೊಡನೆ ತೊಸ್ಕನಿನಿಯ ಕೊನೆಯ ಕಛೇರಿ, ಪೂರ್ತಿ ವಾಗ್ನರ್. ವಯಸ್ಸು 87. ಸ್ವರಲಿಪಿ ಎದುರಿಗಿಟ್ಟುಕೊಳ್ಳದೆ ನೆನಪಿನಿಂದಲೇ ನಡೆಸೋ ಮನುಷ್ಯನಿಗೆ 'ಟಾನ್‌ಹಾಯ್ಸರ್' ಸಂಗೀತದ ನಡುವೆ ನೆನಪೇ ಕೈಕೊಟ್ಟಿತು. ಕಂಟ್ರೋಲ್ ರೂಮಿನವರು ಗಾಬರಿಬಿದ್ದು ನೇರ ಪ್ರಸಾರ ಕತ್ತರಿಸಿ, ಬ್ರಾಮ್ಸ್‌ನ ಮೊದಲನೇ ಸಿಂಫನಿಯ ರೆಕಾರ್ಡ್ ಹಾಕಿಬಿಟ್ಟರು! ಮನೆಯಲ್ಲಿ ಕೂತವರು, ಅಲ್ಲಿ ಎಲ್ಲಾ ಕುಸಿದುಬಿತ್ತು ಅಂತಲೇ ತಿಳಿದಿರಬೇಕು.

ಹಾಲ್‌ನ ಟೇಪು ಉಳಿದಿದೆ. ಅದರಲ್ಲಿ ನನಗೆ ಕೇಳಿಸೋದು ಕುಸಿತವಲ್ಲ, ತಡವರಿಕೆ. ವಾದ್ಯಗಾರರು ಒಬ್ಬರನ್ನೊಬ್ಬರು ಹಿಡಿದುಕೊಂಡು ದಾರಿಗೆ ಬರ್ತಾರೆ. ಆ ಮುದುಕನ ಮಾನ ಕಾಪಾಡಲು ಹೋದ ಸ್ವಿಚ್ಚೇ ಅವನ ಎಡವನ್ನು ಊರಿಗೆಲ್ಲ ಸಾರಿತು. ವಾದ್ಯಗಾರರು ಉಳಿಸಿಕೊಂಡ ಸಂಗೀತವನ್ನೂ ಕೇಳುಗರಿಂದ ಕಿತ್ತುಕೊಂಡಿತು.

ಅದಕ್ಕೇ ರೇಡಿಯೋ ಕಛೇರಿಯ ಗುಣದೋಷ ಎಣಿಸೋ ಮುಂಚೆ ನಾನು ಮೂರು ಕೇಳ್ತೀನಿ: ಕೋಣೆ ಯಾವುದು, ಮೈಕು ಎಲ್ಲಿತ್ತು, ಸ್ವಿಚ್ ಯಾರ ಕೈಲಿತ್ತು? ಕಲಾವಿದರ ಸರದಿ ಆಮೇಲೆ.